ಲಾರಿ ಹೋಗುವ ತನಕ

ಕಟಿಂಗ್ ಅಂಗಡಿಯ ಹಳೇ ಕುರ್ಚಿಯೊಂದನ್ನು ತೋರಿಸಿ ನಾಗಸೇನ "ಚಾಚಿ, ಇಲ್ಲಿ ಕೂಡ್ರಿ" ಅಂದಾಗ ಕುಲಸುಮಬೀಗೆ ಅಷ್ಟು ಸಂಕಟದಲ್ಲೂ ನಗು ಬಂತು. ಗಂಡಸರು ಗಡ್ಡ ಕೆರೆಸಿಕೊಳ್ಳುವ ಕುರ್ಚಿಯಲ್ಲಿ ಅರವತ್ತು ದಾಟಿದ ತಾನು ಬುರ್ಖಾ ತೊಟ್ಟು ಕೂಡುವುದೇ? ಆದರೆ ಅದು ಮುಂದಿನ ಸಾಲು, ರಂಗದಿಂದ ನಾಲ್ಕೇ ಹೆಜ್ಜೆ. ಅವಳಿಗೆ ಬೇಕಾಗಿದ್ದೂ ಅದೇ. ಬುರ್ಖಾದ ಮುಸುಕು ಎತ್ತಿದರೆ ತನ್ನ ತುಟಿ ರಂಗದ ಮೇಲಿನ ಗಂಡನಿಗೆ ಕಾಣುವಷ್ಟು ಹತ್ತಿರ ಇರಬೇಕಿತ್ತು.

ಕಾಳುಕಡಿಯ ಮಾರುಕಟ್ಟೆಯಾದ ಗಾಂಧಿ ಗಂಜಿನ ಹಿಂದಿನ ಓಣಿಯಲ್ಲಿ ಮುಚ್ಚಿಹೋದ ಬೇಳೆ ಗಿರಣಿಯ ತಗಡಿನ ಶೆಡ್ಡು ಅದು. ಭಾಲ್ಕಿ ಕಡೆಯ ನಾಗಸೇನ, ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು, ಹನ್ನೊಂದು ವರ್ಷದ ಹಿಂದೆ ಅದನ್ನು ಬಾಡಿಗೆಗೆ ಹಿಡಿದು ನಾಟಕ ಶುರುಮಾಡಿದ್ದ. ಐವತ್ತು ಜನಕ್ಕೆ ಜಾಗ. ಒಂದು ಕುರ್ಚಿಯಂತೆ ಇನ್ನೊಂದಿಲ್ಲ. ಗುಜರಿಗೆ ಹೋದ ಬಸ್ಸಿನ ಸೀಟು, ಶಾಲೆಯ ಮುರುಕು ಬೆಂಚು, ಬೋರಲು ಹಾಕಿದ ಎಣ್ಣೆ ಡಬ್ಬಿ. ಟಿಕೆಟ್ ಇಲ್ಲ. ಬಂದವರು ಒಂದು ಮುಷ್ಟಿ ಬೇಳೆ ತಂದು ಬಾಗಿಲ ಬಳಿಯ ಪಾತ್ರೆಗೆ ಹಾಕಬೇಕು. ಆಟ ಮುಗಿದ ಮೇಲೆ ಎಲ್ಲರೂ ಕೂಡಿ ಖಿಚಡಿ ಉಣ್ಣಬೇಕು. ಇದನ್ನೆಲ್ಲ ಗಂಡ ಮಕ್ಸೂದ ಸಾವಿರ ಸಲ ಹೇಳಿದ್ದ, ಸಾವಿರ ಸಲ ಕರೆದಿದ್ದ. ಇದೇನು ನಾಟಕ ನೋಡುವ ವಯಸ್ಸೇ ಎಂದು ಅವಳು ತಳ್ಳಿಹಾಕುತ್ತಲೇ ಬಂದಿದ್ದಳು. ಇವತ್ತು ಕರೆಯದೆ ಬಂದಿದ್ದಳು.

ಮಕ್ಸೂದ ಗಂಜಿನಲ್ಲಿ ಮೂವತ್ತು ವರ್ಷ ತೊಗರಿ ಚೀಲಗಳ ಬಾಯಿ ಹೊಲಿದವನು. ದಬ್ಬಣ ಹಿಡಿದು ಇದೇ ಶೆಡ್ಡಿನ ಗೋಡೆಗೆ ಒರಗಿ ಕೂತು ಹೊಲಿಯುತ್ತಿದ್ದಾಗ ಒಳಗಿನ ತಾಲೀಮು ಅವನ ಕಿವಿಗೆ ಬೀಳುತ್ತಿತ್ತು. ಒಂದು ದಿನ ಒಳಗೆ ಯಾರೋ ಮಾತು ಮರೆತು ತಡವರಿಸಿದಾಗ ಇವನು ಹೊರಗಿನಿಂದಲೇ ಹೇಳಿಕೊಟ್ಟ. ನಾಗಸೇನ ಬಂದು ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದ. ಅಲ್ಲಿಗೆ ಮುಗಿಯಿತು, ಮನುಷ್ಯ ಕೈಗೆ ಸಿಗಲಿಲ್ಲ.

ಕನ್ನಡ ಅವನ ನಾಲಿಗೆಯ ಮೇಲೆ ಕುಣಿಯುತ್ತಿತ್ತು, ಆದರೆ ಓದಲು ಬಾರದು. ಕಲಿತದ್ದು ಉರ್ದು ಶಾಲೆಯ ನಾಲ್ಕನೇ ಇಯತ್ತೆ. ಅದಕ್ಕೇ ಮಗಳು ಅಂಬರೀನ ಓದುವುದು, ಕುಲಸುಮಬೀ ಆ ಕನ್ನಡ ಮಾತುಗಳನ್ನು ಉರ್ದು ಅಕ್ಷರಗಳಲ್ಲಿ ಬರೆಯುವುದು, ಅವನು ಬಾಯಿಪಾಠ ಮಾಡುವುದು. ಮಗಳು ಮದುವೆಯಾಗಿ ಔರಾದಕ್ಕೆ ಹೋದ ಮೇಲೆ ಫೋನಿನಲ್ಲಿ ಓದಿದಳು. ಹೀಗೆ ಹನ್ನೊಂದು ನೋಟ್‌ಬುಕ್ಕು ತುಂಬಿದ್ದವು. ಮನೆಮಾತು ದಖನಿಯಾದರೂ ನಾಟಕದ ಹುಚ್ಚು ಹಿಡಿದ ಮೇಲೆ ಮಕ್ಸೂದ ಹೆಂಡತಿಯೊಡನೆ ಜಗಳಕ್ಕೆ ಕನ್ನಡವನ್ನೇ ಬಳಸುತ್ತಿದ್ದ. ಬೈಯಲು ಇದೇ ಚಲೋ ಭಾಷೆ ಅನ್ನುತ್ತಿದ್ದ. ಅವಳೂ ಏನು ಕಮ್ಮಿಯಿಲ್ಲ, ಕನ್ನಡದಲ್ಲೇ ತಿರುಗಿ ಕೊಡುತ್ತಿದ್ದಳು.

ಹೋದ ಮಳೆಗಾಲದಲ್ಲಿ ಒಂದು ದಿನ ಅವನು ಖಾಲಿ ಚೀಲಗಳ ಬಾಯಿ ಹೊಲಿದಿಟ್ಟ. ಒಂದಲ್ಲ, ಐದು. ಕ್ವಿಂಟಲ್ ತುಂಬಿದ್ದರೂ ಬಿಚ್ಚದಂತಹ ಗಟ್ಟಿ ಹೊಲಿಗೆ. ಗಂಜಿನವರು ಬಿದ್ದು ಬಿದ್ದು ನಕ್ಕರು, ಅವನೂ ನಕ್ಕ. ಮುಂದಿನ ವಾರ ಸಂಜೆ ಮನೆಗೆ ಬರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಬಿಟ್ಟುಬಂದ ಬಾಡಿಗೆ ಮನೆಯ ಕಟ್ಟೆಯ ಮೇಲೆ ಕೂತು, ಬಾಗಿಲು ಯಾಕೆ ತೆಗೆಯುತ್ತಿಲ್ಲ ಎಂದು ಒಳಗಿನವರಿಗೆ ಬೈಯುತ್ತಿದ್ದ. ಇದು ಮರೆವಿನ ರೋಗ, ಇಳಿಜಾರಿನ ದಾರಿ, ನಿಲ್ಲಿಸಲು ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಅದನ್ನೇ ಹೇಳುತ್ತಾರೆ ಅಂತಲೂ ಹೇಳಿದರು.

ಅದೇ ತಿಂಗಳು ನಾಗಸೇನ ಅವನಿಗೆ ಮುಖ್ಯ ಪಾತ್ರ ಕೊಟ್ಟ. ಅದುವರೆಗೆ ಪೊಲೀಸ, ಸಾಹುಕಾರ, ದಾರಿಹೋಕ ಅಂತ ಬಂದುಹೋಗುವ ಪಾತ್ರಗಳೇ. ಈಗ ಅಪ್ಪನ ಪಾತ್ರ. ಗಂಡನ ಮನೆಯಲ್ಲಿ ನರಳುವ ಮಗಳನ್ನು ಕರೆದುಕೊಂಡು ಬರಲು ಹೋಗುವ ಅಪ್ಪ. ಅವತ್ತು ಮನೆಗೆ ಬಂದವನೇ ಅವಳ ಎರಡೂ ಕೈ ಹಿಡಿದುಕೊಂಡ.

"ಇದೊಂದು ಆಟ ಮಾಡ್ತೇನಿ, ಕುಲಸುಮ. ಆಮ್ಯಾಲ ನಾನೇ ಹೇಳ್ತೇನಿ ನಾಟಕದವರಿಗಿ. ಅಲ್ಲೀತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ಆ ಮಂದಿ ನನ್ನ ನೋಡಿ ಅಯ್ಯೋ ಪಾಪ ಅನಬಾರದು."

ಅವಳು ಆಣೆ ಮಾಡಿದಳು. ನಾಲ್ಕು ತಿಂಗಳು ದಿನಾ ಸಂಜೆ ಅವನಿಗೆ ಮಾತು ತುಂಬಿದಳು, ದಿನಾ ಬೆಳಿಗ್ಗೆ ಅರ್ಧ ಸೋರಿಹೋಗಿರುತ್ತಿತ್ತು. ತೂತು ಕೊಡಕ್ಕೆ ನೀರು ಹೊತ್ತ ಹಾಗೆ. ಆದರೂ ಹೊತ್ತಳು. ಹೊರುತ್ತ ಹೊರುತ್ತ ಇಡೀ ನಾಟಕ ಅವಳಿಗೇ ಬಾಯಿಪಾಠ ಆಗಿತ್ತು.

ಶೆಡ್ಡು ತುಂಬತೊಡಗಿತು. ನಾಗಸೇನ ಅವಳಿಗೆ ಚಹಾ ತಂದುಕೊಟ್ಟು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. "ಖರೇ ಹೇಳ್ತೇನ್ರಿ ಚಾಚಿ, ಚಾಚಾ ಇಲ್ಲಂದ್ರ ಈ ಶೆಡ್ಡಿಗಿ ಜೀವಾನೇ ಇಲ್ರಿ. ಮುಂದಿನ ವರ್ಷದ ನಾಟಕಾನೂ ಅವರಿಗೇ ಅಂತ ಬರೀಲಾಕತ್ತೇನಿ" ಅಂದ. ಕುಲಸುಮಬೀಗೆ ಮಾತು ನಾಲಿಗೆಯ ತುದಿಗೆ ಬಂತು. ಈಗ ಹೇಳಿದರೆ ಬೇರೆ ಯಾರಾದರೂ ಪುಸ್ತಕ ಹಿಡಿದು ಪರದೆ ಹಿಂದೆ ನಿಂತಾರು, ಒಂದು ದಾರಿ ಆದೀತು. ಆದರೆ ಆಣೆ ಮಾಡಿದ್ದಳಲ್ಲ. ಬಿಸಿ ಚಹಾ ಕುಡಿದು ಮಾತನ್ನೂ ನುಂಗಿದಳು.

ಆಟಕ್ಕೆ ಮುಂಚೆ ನಾಗಸೇನ ಜನರಿಗೆ ಶೆಡ್ಡಿನ ಕಾಯಿದೆ ಹೇಳಿದ. ಇದು ತೊಗರಿ ಸುಗ್ಗಿ. ಓಣಿಯಲ್ಲಿ ಲಾರಿ ಬಂದರೆ ತಗಡೆಲ್ಲ ನಡುಗುತ್ತದೆ, ಯಾರ ಮಾತೂ ಕೇಳುವುದಿಲ್ಲ. ಅದಕ್ಕೇ ಲಾರಿ ಬಂದಾಗ ನಟರು ಇದ್ದಲ್ಲೇ ಇದ್ದ ಹಾಗೆ ನಿಂತುಬಿಡುತ್ತಾರೆ. ಅದು ದಾಟಿದ ಮೇಲೆ ನಿಂತ ಮಾತಿನಿಂದಲೇ ಮುಂದುವರಿಸುತ್ತಾರೆ. ಲಾರಿ ಬರುವುದನ್ನು ಮಕ್ಸೂದ ಚಾಚಾ ಎಲ್ಲರಿಗಿಂತ ಮೊದಲು ಕೇಳಿಸಿಕೊಳ್ಳುತ್ತಾರೆ, ಗಂಜಿನ ಕಿವಿ ಅದು; ಅವರು ನಿಂತರೆ ನಾವೆಲ್ಲ ನಿಂತೆವು ಎಂದ. ಜನ ನಕ್ಕು ಚಪ್ಪಾಳೆ ಹೊಡೆದರು.

ಮಕ್ಸೂದ ಬಂದ. ಬಿಳಿ ಧೋತರ, ತಲೆಗೆ ರುಮಾಲು, ಕೈಯಲ್ಲಿ ಗಂಟು. ಕುಲಸುಮಬೀ ಅವನ ಪ್ರತಿ ಮಾತಿಗೂ ತುಟಿ ಅಲುಗಿಸುತ್ತ ಕೂತಳು. ಅವನು ಇವಳತ್ತ ನೋಡಲೇ ಇಲ್ಲ, ನೋಡುವ ಜರೂರಿಯೇ ಬೀಳಲಿಲ್ಲ. ಬೀಗರೊಡನೆ ಮಾತಿಗೆ ಮಾತು ಕೊಡುತ್ತಿದ್ದವನು ಒಮ್ಮೆಲೆ ನಡುವೆ ನಿಂತುಬಿಟ್ಟ. ಮರೆತ, ಮುಗಿಯಿತು ಎಂದು ಅವಳು ಅಂದುಕೊಳ್ಳುವಷ್ಟರಲ್ಲಿ ದೂರದಲ್ಲಿ ಲಾರಿಯ ಗುರುಗುರು. ಬಂತು, ತಗಡು ನಡುಗಿಸಿತು, ಹೋಯಿತು. ಅವನು ಅರ್ಧಕ್ಕೆ ಬಿಟ್ಟ ಮಾತನ್ನು ಅಲ್ಲಿಂದಲೇ ಎತ್ತಿಕೊಂಡ. ಎರಡನೆಯ ಲಾರಿಗೂ ಹಾಗೆಯೇ. ಜನ ಸಂತೋಷದಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕುಲಸುಮಬೀಗೆ ಕಣ್ಣಲ್ಲಿ ನೀರು. ಈ ಮನುಷ್ಯ ಇಷ್ಟು ಚೆಂದ ಇದ್ದಾನೆಂದು ಹನ್ನೊಂದು ವರ್ಷ ತನಗೆ ಗೊತ್ತೇ ಇರಲಿಲ್ಲವಲ್ಲ ಎಂದುಕೊಂಡಳು. ಡಾಕ್ಟರು ತಪ್ಪಿರಬಹುದು, ಡಾಕ್ಟರೇನು ದೇವರೇ ಎಂದೂ ಅನ್ನಿಸಿತು.

ಕೊನೆಯ ದೃಶ್ಯ. ಮಗಳಾಗಿದ್ದ ಮಾಯಾ ಎಂಬ ಹುಡುಗಿ ಹೊಸ್ತಿಲ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಅಪ್ಪ ಹತ್ತಿರ ಬಂದು ಕೈ ಚಾಚಬೇಕು, ಒಂದು ಮಾತು ಹೇಳಬೇಕು, ಆಟ ಮುಗಿಯಬೇಕು. ಮಕ್ಸೂದ ಹತ್ತಿರ ಬಂದ. ಕೈ ಚಾಚಿದ. ನಿಂತ.

ಮಾಯಾ ತಲೆ ಎತ್ತುತ್ತಿದ್ದವಳು ಅರ್ಧಕ್ಕೇ ನಿಂತಳು. ಹಿಂದೆ ಬೀಗರೂ ನಿಂತರು. ಜನ ನಗುಮುಖದಿಂದ ಉಸಿರು ಬಿಗಿಹಿಡಿದು ಓಣಿಯತ್ತ ಕಿವಿಗೊಟ್ಟರು. ಕುಲಸುಮಬೀಯೂ ಕಿವಿಗೊಟ್ಟಳು. ಓಣಿಯಲ್ಲಿ ಏನೂ ಇರಲಿಲ್ಲ.

ಅವಳು ತುಟಿ ಅಲುಗಿಸಿದಳು. ಈಗ ಅವನು ಇವಳನ್ನೇ ನೋಡುತ್ತಿದ್ದ. ಗಂಜಿನಲ್ಲಿ ದಾರಿ ಕೇಳಲು ಬಂದ ಯಾರೋ ಹೆಂಗಸನ್ನು ನೋಡುವ ಹಾಗೆ, ಮರ್ಯಾದೆಯಿಂದ. ಅವಳಿಗೆ ತಡೆಯಲಾಗಲಿಲ್ಲ.

"ಮನಿಗಿ ನಡಿ, ಮಗಳ" ಅವಳು ಸಣ್ಣಗೆ ಹೇಳಿಕೊಟ್ಟಳು. "ನಿಮ್ಮವ್ವ ಬಾಗಿಲಾ ತೆರದು ಕುಂತಾಳ."

ದೀಪದ ಸ್ವಿಚ್ಚುಗಳ ಬಳಿ ಇದ್ದ ನಾಗಸೇನ ಅವಳತ್ತ ತಿರುಗಿ, ನಗುತ್ತ, ತುಟಿಯ ಮೇಲೆ ಬೆರಳಿಟ್ಟು ಓಣಿಯ ಕಡೆ ಕೈ ತೋರಿಸಿದ. ಲಾರಿ ಬರುತ್ತದೆ, ಸುಮ್ಮನಿರಿ ಅಂತ.

ಬಂತು ಕೂಡ. ತುಂಬ ಹೊತ್ತಾದ ಮೇಲೆ, ತುಂಬಿದ ಲಾರಿ, ಮೆಲ್ಲಗೆ. ಎಂಥ ಕಿವಿ ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ತಗಡು ನಡುಗಿತು, ಕುರ್ಚಿಯ ಹಿಡಿ ನಡುಗಿತು. ಸದ್ದು ಗಂಜಿನ ತಿರುವು ದಾಟಿ ಸಣ್ಣದಾಗಿ ಇಲ್ಲವಾಯಿತು. ಬೀಗರು ಅಲುಗಾಡಿದರು. ಮಾಯಾ ಪೂರ್ತಿ ತಲೆ ಎತ್ತಿ ಅಪ್ಪನ ಮುಖ ನೋಡಿದಳು, ಕಾದಳು. ಮಕ್ಸೂದ ಚಾಚಿದ ಕೈ ಚಾಚಿಕೊಂಡೇ ನಿಂತಿದ್ದ.

ಕುಲಸುಮಬೀ ಕುರ್ಚಿಯ ಹಿಡಿಗಳನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, ಇನ್ನೊಂದು ಲಾರಿಯ ಸದ್ದಿಗಾಗಿ ಕಿವಿಗೊಟ್ಟಳು.