ಹವಾಲ್ದಾರ ಬೆರಳೆತ್ತಿದ ದಿನ

ನಾನು ಒಂದು ಕ್ರಿಕೆಟ್ ಬ್ಯಾಟು. ಏಟು ಕೊಡುವುದೇ ನನ್ನ ಕಸುಬು ಎಂದು ಎಲ್ಲರೂ ತಿಳಿದಿದ್ದಾರೆ. ಆದರೆ ಮೊದಲು ಏಟು ತಿಂದದ್ದು ನಾನು. ಇಂಗ್ಲೆಂಡಿನ ಒಂದು ಹೊಳೆಯ ದಂಡೆಯಲ್ಲಿ ತನ್ನ ಪಾಡಿಗೆ ತಾನು ನಿಂತಿದ್ದ ನನ್ನ ತಾಯಿಮರವನ್ನು ಕಡಿದು ಕೆಡವಿದರು. ಹೋಳು ಮಾಡಿದರು, ಒಣಗಿಸಿದರು, ಕೆತ್ತಿದರು. ಆಮೇಲೆ ಒಬ್ಬ ಬೊಕ್ಕತಲೆಯ ಬಡಗಿ ಮರದ ಸುತ್ತಿಗೆ ಹಿಡಿದು ಇಡೀ ದಿನ ನನ್ನ ಎದೆಗೆ ಬಡಿದ. ಹಾಗೆ ಬಡಿದರೆ ಮೈ ಗಟ್ಟಿಯಾಗುತ್ತದಂತೆ. ಗಟ್ಟಿಯೇನೋ ಆಯಿತು, ಆದರೆ ಅವನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಪೂರ್ವದೇಶದ ಬೆತ್ತವನ್ನು ಹಿಡಿಯಾಗಿ ಸೇರಿಸಿ, ದಾರ ಸುತ್ತಿ, ಅಂಗಡಿಯ ಗಾಜಿನ ಹಿಂದೆ ನಿಲ್ಲಿಸಿದರು.

ನನ್ನನ್ನು ಕೊಂಡವರು ವಿಲ್ಫ್ರೆಡ್ ಹಾರ್ಕಟ್ ಎಂಬ ಚಿಗುರುಮೀಸೆಯ ಲೆಫ್ಟಿನೆಂಟನ ತಂದೆ. ಮಗ ಹಿಂದೂಸ್ತಾನಕ್ಕೆ ಹೊರಟಿದ್ದ. ತಂದೆ ಪಾದ್ರಿ, ನೀತಿಯ ಮನುಷ್ಯ. ನನ್ನನ್ನು ಮಗನ ಕೈಗಿಡುತ್ತಾ, "ಚೆಂಡು ಬ್ಯಾಟನ್ನು ಸವರಿತೋ ಇಲ್ಲವೋ ಎನ್ನುವುದು ನಿನಗೆ ಗೊತ್ತಿರುತ್ತದೆ. ಸವರಿದ್ದರೆ ಅಂಪೈರ್ ಬೆರಳೆತ್ತುವವರೆಗೆ ಕಾಯಬೇಡ. ನೀನೇ ಹೊರಟು ಬಾ" ಎಂದರು. ಮಗ ತಲೆ ಅಲ್ಲಾಡಿಸಿದ. ಅವತ್ತು ಅವನ ಅಂಗೈ ಬೆಚ್ಚಗಿತ್ತು. ನನಗೆ ಅವನು ಇಷ್ಟವಾದ.

ಹಡಗಿನಲ್ಲಿ ಬೊಂಬಾಯಿ, ರೈಲಿನಲ್ಲಿ ಬೆಳಗಾವಿ. ಊರಿನವರು ಕ್ಯಾಂಪು ಎಂದು ಕರೆಯುವ ದಂಡಿನ ಪ್ರದೇಶದಲ್ಲಿ ನಮ್ಮ ಬಂಗಲೆ. ಅಲ್ಲಿ ಸಾಹೇಬರಿಗೆ ಇಬ್ಬರು ಆಳುಗಳು. ಬೂಟು, ಕತ್ತಿ ಮತ್ತು ನನ್ನನ್ನು ನೋಡಿಕೊಳ್ಳಲು ಅಡಿವೆಪ್ಪ ಎಂಬ ಹವಾಲ್ದಾರ. ಕುದುರೆ ನೋಡಿಕೊಳ್ಳಲು ದುರುಗಪ್ಪ. ಅಡಿವೆಪ್ಪ ಅಗಸೆ ಎಣ್ಣೆಯನ್ನು ಬಟ್ಟೆಗೆ ಹಚ್ಚಿ ನನ್ನ ಮೈ ತಿಕ್ಕುವಾಗ ಎಳೆಮಗುವಿಗೆ ಎಣ್ಣೆ ಹಚ್ಚಿದಂತೆ ಇರುತ್ತಿತ್ತು. ಪಂದ್ಯದ ದಿನ ಅವನೇ ಅಂಪೈರ್, ಏಕೆಂದರೆ ಬೇರೆ ಅಧಿಕಾರಿಗಳಿಗೆ ಬಿಸಿಲಲ್ಲಿ ನಿಂತುಕೊಳ್ಳುವ ಉಮೇದು ಇರಲಿಲ್ಲ.

ಆದರೆ ಅವನು ಬೆರಳೆತ್ತಿದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಕ್ಯಾಂಪಿನಲ್ಲಿ ಅದೊಂದು ಬರೆಯದ ಕಾನೂನು. ಕರಿಯ ಸಿಪಾಯಿ ಬಿಳಿಯ ಸಾಹೇಬರನ್ನು ಔಟ್ ಎನ್ನುವುದುಂಟೇ? ಅವನು ಸಾಹೇಬರ ಮುಖ ನೋಡಿಕೊಂಡು ಸುಮ್ಮನೆ ನಿಲ್ಲಬೇಕು. ಸಾಹೇಬರು ತಾವೇ ನಡೆದರೆ ಔಟು, ನಿಂತರೆ ಆಟ. ಮಿಕ್ಕ ಸಾಹೇಬರು ಎಷ್ಟೋ ಸಲ ನಿಂತೇ ಬಿಡುತ್ತಿದ್ದರು. ಹಾರ್ಕಟ್ ಮಾತ್ರ ಕೂದಲೆಳೆಯಷ್ಟು ಸವರಿದರೂ ನನ್ನನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಬಿಡುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಅಡಿವೆಪ್ಪನ ಕಣ್ಣಿನಲ್ಲಿ ಅಂತಹ ದೊಡ್ಡ ಮನುಷ್ಯ ಇನ್ನೊಬ್ಬನಿರಲಿಲ್ಲ. ನನಗೂ ಹೆಮ್ಮೆಯೇ.

ಆಮೇಲೆ ದೂರದ ವಾಯವ್ಯ ಗಡಿನಾಡಿನ ಲಡಾಯಿ ಬಂತು. ಹಾಸಿಗೆಯ ಸುರುಳಿಯೊಳಗೆ ನಾನೂ ಹೋದೆ. ಗುಡ್ಡದ ಮೇಲಿನ ಒಂದು ಹಳ್ಳಿಯವರು ರಾತ್ರಿ ಗುಂಡು ಹಾರಿಸಿದ್ದರೆಂದು ಹಾರ್ಕಟ್ ಇಡೀ ಹಳ್ಳಿಗೆ ಬೆಂಕಿ ಇಡಿಸಿದರು. ಒಳಗೆ ಉಳಿದಿದ್ದ ಮುದುಕರು ಕೆಮ್ಮುತ್ತಾ ಹೊರಗೆ ಓಡಿ ಬಂದರು. ಕೆಲವರು ಬರಲಿಲ್ಲ. ಬಾಗಿಲಲ್ಲಿ ಕತ್ತಿ ಹಿರಿದು ನಿಂತ ಒಬ್ಬನನ್ನು ಸಾಹೇಬರು ಹತ್ತಿರದಿಂದಲೇ ಗುಂಡಿಟ್ಟು ಕೊಂದರು. ಮಾರನೆಯ ದಿನ ಅದೇ ಹಳ್ಳಿಯ ಕಣದಲ್ಲಿ ಗುಂಡಿನ ಪೆಟ್ಟಿಗೆಗಳನ್ನು ಸ್ಟಂಪು ಮಾಡಿ ಕ್ರಿಕೆಟ್ ಆಡಿದರು. ಸುಟ್ಟ ತೊಲೆಗಳಿಂದ ಇನ್ನೂ ಹೊಗೆ ಏಳುತ್ತಿತ್ತು. ಚೆಂಡು ನನ್ನ ಅಂಚನ್ನು ಸವರಿ ಕೀಪರನ ಕೈ ಸೇರಿತು. ಹಾರ್ಕಟ್ ಅಲ್ಲಿಯೂ ತಾವೇ ಹೊರಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಮೊದಲ ಸಲ ಆ ಚಪ್ಪಾಳೆ ಹೇಸಿಗೆ ಎನಿಸಿತು.

ಬೆಳಗಾವಿಗೆ ಮರಳಿದಾಗ ಅವರು ಕ್ಯಾಪ್ಟನ್ ಆಗಿದ್ದರು. ಅಂಗೈ ತಣ್ಣಗಾಗಿತ್ತು. ಊಟದ ತಟ್ಟೆ ತಡವಾದರೆ ಎಸೆಯುತ್ತಿದ್ದರು, ಕುದುರೆ ಬೆದರಿದರೆ ಅದರ ಮುಖಕ್ಕೆ ಬಾರಿಸುತ್ತಿದ್ದರು. ಆಡುವಾಗ ಮಾತ್ರ ಅದೇ ಹಳೆಯ ಸಭ್ಯ ಮನುಷ್ಯ.

ದಿನಾ ಬೆಳಿಗ್ಗೆ ಅಭ್ಯಾಸಕ್ಕೆ ಚೆಂಡು ಎಸೆಯುತ್ತಿದ್ದವನು ದುರುಗಪ್ಪ. ಅವನ ಕೈ ಬಲು ಚುರುಕು. ಒಂದು ಬೆಳಿಗ್ಗೆ ಅವನೆಸೆದ ಚೆಂಡು ಹಸಿ ನೆಲಕ್ಕೆ ಬಿದ್ದು ಎಗರಿ ಸಾಹೇಬರ ಬಾಯಿಗೆ ಬಡಿಯಿತು. ಹಲ್ಲು ಮುರಿಯಿತು. ದುರುಗಪ್ಪ ಕೈಮುಗಿದುಕೊಂಡು ಓಡಿ ಬಂದ.

"ತಪ್ಪಾತ್ರಿ ಸಾಹೇಬ್ರ, ಬೇಕಂತ ಹಾಕಿಲ್ರಿ..."

ಸಾಹೇಬರು ನನ್ನನ್ನು ಎರಡೂ ಕೈಯಲ್ಲಿ ಎತ್ತಿದರು. ಮೊದಲ ಏಟು ಭುಜಕ್ಕೆ. ಅವನು ಕುಸಿದ. ಎರಡನೆಯದು ಕಿವಿಯ ಹಿಂದೆ. ಚೆಂಡು ತಗುಲಿದರೆ ನನ್ನ ಮೈಯಲ್ಲಿ ಒಂದು ಝಣ್ ಎನ್ನುವ ಸುಖ ಏಳುತ್ತದೆ. ಇಲ್ಲಿ ಎದ್ದದ್ದು ಒದ್ದೆ ಸದ್ದು. ಹಿಂದಕ್ಕೆ ಸರಿಯಲು ನನಗೆ ಕಾಲಿಲ್ಲ, ಬೇಡ ಎನ್ನಲು ಬಾಯಿಲ್ಲ. ಬಿದ್ದವನ ಪಕ್ಕೆಗೆ ಇನ್ನೂ ಬಾರಿಸಿ, ನನ್ನನ್ನು ಅಲ್ಲೇ ಬಿಸಾಡಿ, ಸಾಹೇಬರು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೋದರು. ಅಂಪೈರ್ ನಿಲ್ಲುವ ಜಾಗದಲ್ಲಿ ಅಡಿವೆಪ್ಪ ಕಲ್ಲಿನ ಹಾಗೆ ನಿಂತಿದ್ದ. ಆಮೇಲೆ ಓಡಿ ಬಂದು ದುರುಗಪ್ಪನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಸಂಜೆಯೊಳಗೆ ದುರುಗಪ್ಪ ಕುದುರೆಲಾಯದಲ್ಲಿ ಸತ್ತ.

ದಂಡಿನ ಡಾಕ್ಟರು ಅವನು ಕುಡಿದು ಕುದುರೆಯಿಂದ ಬಿದ್ದ ಎಂದು ಹೇಳಿದರು. ಮೆಸ್ಸಿನಲ್ಲಿ ಹೆಸರಿಗೊಂದು ವಿಚಾರಣೆ ನಡೆಯಿತು. ಆಟದ ಸಾಮಾನುಗಳ ಜೊತೆ ನನ್ನನ್ನೂ ಎಂದಿನಂತೆ ಅಲ್ಲಿಯ ಮೂಲೆಗೆ ಒರಗಿಸಿದ್ದರು. ಕರ್ನಲ್ ಸಾಹೇಬರು ಅಡಿವೆಪ್ಪನನ್ನು, "ನೀನು ನೋಡಿದ್ದೇನು?" ಎಂದು ಕೇಳಿದರು. ಅಡಿವೆಪ್ಪ ಹಾರ್ಕಟ್ ಸಾಹೇಬರ ಮುಖವನ್ನೇ ನೋಡುತ್ತಾ ಕಾದ. ಇಷ್ಟು ವರ್ಷ ಮೈದಾನದಲ್ಲಿ ಕಾದ ಹಾಗೆಯೇ. ಅವರು ತಾವೇ ಒಪ್ಪಿಕೊಳ್ಳುತ್ತಾರೆ ಎಂಬ ನಂಬಿಕೆ ಅವನದು. ಹಾರ್ಕಟ್ ಕಿಟಕಿಯ ಹೊರಗೆ ನೋಡುತ್ತಾ ನಿಂತಿದ್ದರು. ಕರ್ನಲ್ಲರು, "ಸರಿ, ಇವನೇನೂ ನೋಡಿಲ್ಲ" ಎಂದು ವಿಚಾರಣೆ ಮುಗಿಸಿದರು.

ಅವತ್ತು ಅಡಿವೆಪ್ಪ ನನ್ನನ್ನು ತನ್ನ ಖೋಲಿಗೆ ಒಯ್ದು ಎಣ್ಣೆ ತಿಕ್ಕಿದ. ಕಲೆ ಹೋಗಲಿಲ್ಲ. ಆಗ ದುರುಗಪ್ಪನ ಹೆಂಡತಿ ಸಂಗವ್ವ ಬಂದಳು. ಸಾಹೇಬರ ಬಂಗಲೆಗಳ ಬಟ್ಟೆ ಒಗೆಯುವವಳು. ಅವಳು ಅಳುತ್ತಿರಲಿಲ್ಲ.

"ಅಣ್ಣಾ, ನೀ ಅಲ್ಲೇ ನಿಂತಿದ್ದಿ. ಯಾಕ ಹೇಳ್ಲಿಲ್ಲ?"

"ಸಾಹೇಬ ತಾನ ಒಪ್ಪಕೊಂತಾನ ಅಂತ ತಿಳದಿದ್ದೆವ್ವಾ. ಯಾವತ್ತೂ ಒಪ್ಪಕೊಂಡಾನ."

"ಆಟದಾಗ ಒಪ್ಪಕೊಂಡಾನು. ನನ್ನ ಗಂಡನ ಜೀವಾನೂ ಆಟೇನು?" ಎಂದು ಅವಳು ನನ್ನ ಕಲೆಯನ್ನು ಮುಟ್ಟಿ ನೋಡಿದಳು. "ಅಂವಾ ಒಂದ ಹನಿ ಶೆರೆ ಬಾಯಾಗ ಹಾಕಿದಾಂವ ಅಲ್ಲ. ಕುಡದ ಬಿದ್ದ ಸತ್ತ ಅಂತ ಬಜಾರದಾಗ ನಗತಾರ. ನನಗ ಬ್ಯಾರೆ ಏನೂ ಬ್ಯಾಡ. ಹೊಡದ ಕೊಂದಾರ ಅಂತ ಆ ಮಂದಿ ಎದ್ರಿಗೆ ಒಬ್ಬರರ ಹೇಳ್ಬೇಕು."

ಅಡಿವೆಪ್ಪ ಅವಳು ಹೋದ ಮೇಲೂ ಬಹಳ ಹೊತ್ತು ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

ಕ್ರಿಸ್ಮಸ್ ವಾರದಲ್ಲಿ ಪುಣೆಯ ದಂಡಿನವರು ಪಂದ್ಯಕ್ಕೆ ಬಂದರು. ಡೇರೆ, ಬ್ಯಾಂಡು, ಛತ್ರಿ ಹಿಡಿದ ಮೇಮ್‌ಸಾಹೇಬರು, ಹಗ್ಗದಾಚೆ ಇಡೀ ಬಜಾರದ ಜನ. ಚಹಾದ ಡೇರೆಗೆ ಮೇಜಿನ ಬಟ್ಟೆ ತಂದಿದ್ದ ಸಂಗವ್ವ ಒಂದು ಗೂಟಕ್ಕೆ ಒರಗಿ ನಿಂತಿದ್ದಳು. ಹಾರ್ಕಟ್ ಅವತ್ತು ಚೆನ್ನಾಗಿ ಆಡುತ್ತಿದ್ದರು. ಐವತ್ತು ದಾಟಿತ್ತು. ಆಗ ಒಂದು ಚೆಂಡು ನನ್ನ ಪಕ್ಕದಿಂದ ಹಾದು ವಿಕೆಟ್ ಕೀಪರನ ಕೈ ಸೇರಿತು. ಅದಕ್ಕೂ ನನಗೂ ನಡುವೆ ಒಂದು ಗೇಣು ಜಾಗವಿತ್ತು. ಈ ಮಾತನ್ನು ನನಗಿಂತ ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ. ಕೀಪರ್ ಅಭ್ಯಾಸಬಲದಿಂದ ಸಣ್ಣಗೆ ಕೂಗಿದ, ಅಷ್ಟೆ.

ಅಡಿವೆಪ್ಪ ಬೆರಳೆತ್ತಿದ.

ಬ್ಯಾಂಡು ನಿಂತಿತು. ಹಾರ್ಕಟ್ ಮೊದಲು ನಕ್ಕರು. "ಮುಟ್ಟಿಲ್ಲ, ಹವಾಲ್ದಾರ್" ಎಂದರು. ಬೆರಳು ಇಳಿಯಲಿಲ್ಲ. ಅವರು ಪಿಚ್ಚಿನುದ್ದಕ್ಕೂ ನಡೆದು ಅವನ ಎದುರಿಗೆ ಬಂದು ನಿಂತರು.

"ನಾನು ಸುಳ್ಳು ಹೇಳುವುದಿಲ್ಲ ಎನ್ನುವುದು ನಿನಗೆ ಗೊತ್ತು. ಚೆಂಡು ಮುಟ್ಟಿಲ್ಲ."

"ಹೌದ್ರಿ, ಚೆಂಡ ಮುಟ್ಟಿಲ್ಲ. ದುರುಗಪ್ಪನ ತೆಲಿಗೆ ಮುಟ್ಟೇತ್ರಿ," ಎಂದ ಅಡಿವೆಪ್ಪ. ಹಗ್ಗದಾಚೆಯವರಿಗೂ ಕೇಳುವಷ್ಟು ದೊಡ್ಡ ದನಿ. "ಈ ಬ್ಯಾಟಿಲೇ ಹೊಡದ ಕೊಂದೀರಿ. ನಾ ಕಣ್ಣಾರೆ ಕಂಡೇನಿ. ನೀವ ನಡೀತೀರಿ ಅಂತ ಭಾಳ ದಿನ ಕಾದೆ. ಇವತ್ತರ ನಡೀರಿ."

ಹಾರ್ಕಟ್ ನಡೆಯಲಿಲ್ಲ. ನನ್ನನ್ನು ಎತ್ತಿದರು. ಎತ್ತಿದ ಆ ಬೆರಳಿಗೇ ಬೀಸಿದರು. ಎಲುಬು ಮುರಿದ ಸದ್ದು ಕೇಳಿಸಿತು. ಅಡಿವೆಪ್ಪ ಕೈ ಇಳಿಸಲಿಲ್ಲ. ರಕ್ತ ಮೊಣಕೈಯವರೆಗೆ ಹರಿಯಿತು. ಎರಡನೆಯ ಏಟಿಗೆ ಅವನ ಮಣಿಕಟ್ಟು ಮುರಿಯಿತು, ನಾನೂ ನಡುವೆ ಸೀಳಿಕೊಂಡೆ. ಮೂರನೆಯದಕ್ಕೆ ಪುಣೆಯ ತಂಡದ ನಾಯಕ ಓಡಿ ಬಂದು ಸಾಹೇಬರ ತೋಳು ಹಿಡಿದ. ಮೇಮ್‌ಸಾಹೇಬರೊಬ್ಬರು ಮುಖ ಮುಚ್ಚಿಕೊಂಡರು. ದುರುಗಪ್ಪ ಹೇಗೆ ಸತ್ತನೆಂದು ಇನ್ನು ಯಾರಿಗೂ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಸಾಹೇಬರೇ ಎಲ್ಲರೆದುರು ಮಾಡಿ ತೋರಿಸಿದ್ದರು.

ನ್ಯಾಯ ಸಿಕ್ಕಿತೆಂದು ತಿಳಿಯಬೇಡಿ. ಅಡಿವೆಪ್ಪನ ತೋಳಿನ ಹವಾಲ್ದಾರಿ ಪಟ್ಟಿ ಕಿತ್ತು ಜೇಲಿಗೆ ಹಾಕಿದರು. ಹಾರ್ಕಟ್ ಸಾಹೇಬರಿಗೆ ಬರೀ ವರ್ಗವಾಯಿತು. ಆದರೆ ಬಜಾರದಲ್ಲಿ ದುರುಗಪ್ಪ ಕುಡಿದು ಸತ್ತ ಎನ್ನುವ ಮಾತು ಅಂದಿಗೇ ನಿಂತಿತು. ಡೇರೆಯ ಹಿಂದೆ ಎಸೆದಿದ್ದ ನನ್ನನ್ನು ಸಂಗವ್ವ ಮೇಜಿನ ಬಟ್ಟೆಯಲ್ಲಿ ಸುತ್ತಿಕೊಂಡು ಮನೆಗೆ ಒಯ್ದಳು. ಸೀಳಿಗೆ ತಂತಿ ಬಿಗಿದು, ಬಟ್ಟೆ ಬಡಿಯಲು ಇಟ್ಟುಕೊಂಡಳು. ಮೊದಮೊದಲು ಅವಳ ಏಟಿನಲ್ಲಿ ಎಂಥ ಸಿಟ್ಟಿತ್ತೆಂದರೆ ಸೋಲ್ಜರರ ಅಂಗಿಗಳು ಗುಂಡಿ ಇಲ್ಲದೆ ಮರಳುತ್ತಿದ್ದವು. ವರ್ಷಗಳು ಕಳೆದಂತೆ ಅದು ಇಳಿಯಿತು. ಕಲೆಯೂ ನೀರಿಗೆ ಹೋಯಿತು.

ಜೇಲಿನಿಂದ ಬಂದ ಅಡಿವೆಪ್ಪ ಆಗಾಗ ಅವಳ ಕಟ್ಟೆಗೆ ಬಂದು ಕೂರುತ್ತಿದ್ದ. ಜೇಲಿನಲ್ಲಿ ಯಾರೂ ಸರಿಯಾಗಿ ಕಟ್ಟದೆ ಅವನ ಬೆರಳು ನೆಟ್ಟಗೇ ಕೂಡಿಕೊಂಡಿತ್ತು. ಮಡಚಲು ಬರುತ್ತಿರಲಿಲ್ಲ. ಚಹಾದ ಬಟ್ಟಲು ಹಿಡಿದರೂ ಅದು ಮೇಲೆಯೇ. ಕ್ಯಾಂಪಿನ ರಸ್ತೆಯಲ್ಲಿ ಎದುರಾದ ಸಾಹೇಬರು ಅದನ್ನು ಕಂಡು ಮುಖ ತಿರುಗಿಸಿಕೊಳ್ಳುತ್ತಿದ್ದರಂತೆ.

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಒಂದು ದಿನ ಅವನು ಸುದ್ದಿ ತಂದ. ಹಾರ್ಕಟ್ ಅರಬರ ನಾಡಿನ ಬಸರಾದ ಆಚೆ ಯಾವುದೋ ಕೆಸರಿನಲ್ಲಿ ಹೊಟ್ಟೆಗೆ ಗುಂಡು ತಿಂದು, ಎರಡು ದಿನ ನರಳಿ ಸತ್ತಿದ್ದರು. ಕ್ಯಾಂಪಿನ ಚರ್ಚಿನಲ್ಲಿ ಅವರ ಹೆಸರಿನ ಕಲ್ಲು ಕೂರಿಸಿದ್ದರು. ಅಡಿವೆಪ್ಪ ಕಾವಲುಗಾರನಿಂದ ಅದನ್ನು ಓದಿಸಿಕೊಂಡು ಬಂದಿದ್ದ.

"ಏನ್ ಬರದಾರ?" ಎಂದು ಸಂಗವ್ವ ಕೇಳಿದಳು.

"ಯಾರರ ಬೆರಳೆತ್ತೂಕಿಂತ ಮೊದಲ ತಾನ ನಡೀತಿದ್ದ ಆಟಗಾರ ಅಂತ."

ಸಂಗವ್ವ ಅವನ ಬೆರಳು ನೋಡಿದಳು. ಅವನ ಬಟ್ಟಲಿಗೆ ಇನ್ನಷ್ಟು ಚಹಾ ಸುರಿದಳು.

ಅವರಿಬ್ಬರೂ ಈಗಿಲ್ಲ. ನಾನು ನೀರೊಲೆಯ ಪಕ್ಕದ ಮೂಲೆಯಲ್ಲಿದ್ದೇನೆ. ಸೀಳಿನಲ್ಲಿ ಸಬಕಾರದ ಪುಡಿ ಗಟ್ಟಿಯಾಗಿದೆ, ತಂತಿ ತುಕ್ಕು ಹಿಡಿದಿದೆ. ಇವತ್ತೋ ನಾಳೆಯೋ ಯಾರಾದರೂ ನನ್ನನ್ನು ಒಲೆಗೆ ಹಾಕುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಚರ್ಚಿನ ಕಲ್ಲು ಹೇಳುವುದೂ ಪೂರ್ತಿ ಸುಳ್ಳಲ್ಲ, ಚೆಂಡಿನ ವಿಷಯದಲ್ಲಿ ಅವರು ಯಾವತ್ತೂ ಸುಳ್ಳಾಡಲಿಲ್ಲ. ಅವತ್ತು ಮೈದಾನದಲ್ಲಿ ಹೇಳಿದ್ದೂ ನಿಜವೇ, ಚೆಂಡು ನನಗೆ ಮುಟ್ಟಿರಲಿಲ್ಲ. ಆದರೂ ಅವರು ಔಟಾಗಿದ್ದರು.