ಒಂಬತ್ತನೇ ನಂಬರಿನ ಅಂಗಿ

ಆಟಗಾರರ ಮುಖವನ್ನು ಜಯಶ್ರೀ ಒಂದು ದಿನವೂ ನೋಡಿದವಳಲ್ಲ. ಅವಳಿಗೆ ಗೊತ್ತಿದ್ದದ್ದು ಅವರ ಬೆವರು, ಚಡ್ಡಿಯ ಮೇಲಿನ ಮಣ್ಣು, ಬೆನ್ನ ಮೇಲಿನ ನಂಬರು. ಅವಳು ದುಡಿಯುವ ಗೋವೆಯ ಮಡಗಾಂವದ ಲಾಂಡ್ರಿಗೆ ಹೋಟೆಲಿನ ಚಾದರಗಳ ಜೊತೆ ಒಂದು ಫುಟ್‌ಬಾಲ್ ಕ್ಲಬ್ಬಿನ ಪ್ರಾಕ್ಟೀಸಿನ ಬಟ್ಟೆಯೂ ಬರುತ್ತಿತ್ತು. ಹಾಕಿಕೊಂಡಿರಲಿ ಬಿಡಲಿ, ಅಷ್ಟನ್ನೂ ಒಂದೇ ಚೀಲಕ್ಕೆ ತುರುಕಿ ಕಳಿಸುತ್ತಿದ್ದರು. ಚೀಲ ಸುರುವಿ, ನಂಬರು ನೋಡಿ, ಕಲೆ ಬಿದ್ದದ್ದನ್ನು ಬೇರೆ, ಬರೀ ಬೆವರಿನದನ್ನು ಬೇರೆ ಮಾಡುವುದು ಅವಳ ಕೆಲಸ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಹುಡುಗಿ, ನಾಲ್ಕು ಮಂದಿಯ ನಡುವೆ ಬಾಯಿ ಬಿಡುವವಳಲ್ಲ. ಕಣ್ಣು ಮಾತ್ರ ಚುರುಕು. ನಾಲ್ಕನೇ ನಂಬರಿನವನು ನೆಲಕ್ಕೆ ಜಾರಿಯೇ ಚೆಂಡು ಕಸಿಯುತ್ತಾನೆ, ಅವನ ಚಡ್ಡಿಯ ಎಡಮಗ್ಗಲು ಸದಾ ಹಸಿರು. ಹನ್ನೊಂದನೆಯವನು ಕಾಲರು ಕಚ್ಚುತ್ತಾನೆ. ಅಂಗಿ ಮಡಿಕೆ ಬಿಚ್ಚದೆ ಹೋದ ಘಡಿಯಲ್ಲೇ ಹಿಂದಿರುಗಿತೆಂದರೆ ಆ ನಂಬರಿನವನು ಅಂದು ಮೈದಾನಕ್ಕೇ ಇಳಿದಿಲ್ಲ.

ಇದನ್ನೆಲ್ಲ ಅವಳು ಹೇಳುತ್ತಿದ್ದದ್ದು ಒಬ್ಬನಿಗೇ, ಅಣ್ಣ ಗುರುಲಿಂಗನಿಗೆ.

ಗುರುಲಿಂಗ ಅವರ ಮನೆಯಿದ್ದ ಗುಡ್ಡ ಮೋತಿ ಡೊಂಗರಿನ ಹುಡುಗರ ಫುಟ್‌ಬಾಲ್ ತಂಡದಲ್ಲಿ ಮುಂದಿನ ಸಾಲಿನ ಆಟಗಾರ. ದಾಬೋಲಿಮ್ ಕಡೆ ಗೌಂಡಿ ಕೆಲಸಕ್ಕೆ ಹೋದಾಗ ಗೋಡೆಗೆ ಕಟ್ಟಿದ ಬಿದಿರಿನ ಪರಾಂಚಿಯ ಮೇಲಿಂದ ಬಿದ್ದು ಬಲ ಮೊಣಕಾಲು ಮುರಿದುಕೊಂಡ. ಆಪರೇಷನ್ನೇನೋ ಆಯಿತು. "ದಿನಾ ಬಗ್ಗಿಸು, ನಡೆ. ಆರು ತಿಂಗಳೊಳಗೆ ಬಗ್ಗದಿದ್ದರೆ ಕಾಲು ಹಾಗೇ ಸೆಟೆದು ನಿಲ್ಲುತ್ತದೆ" ಎಂದು ಡಾಕ್ಟರು ಹೇಳಿ ಕಳಿಸಿದರು. ಬಗ್ಗಿಸಿದರೆ ಜೀವ ಹೋದಷ್ಟು ನೋವು. ಅವನು ಮಂಚ ಬಿಟ್ಟು ಏಳಲೇ ಇಲ್ಲ. ಅವ್ವ ಹುಲಿಗೆವ್ವ "ಎಲ್ಲಾ ನೆಟ್ಟಗಾಗ್ತೈತಿ ನನ್ನಪ್ಪಾ" ಎನ್ನುವಳು. ಗೆಳೆಯರು "ಮುಂದಿನ ಸೀಜನ್ನಿಗೆ ನೀನ ಕ್ಯಾಪ್ಟನ್" ಎಂದು ಬೆನ್ನು ತಟ್ಟಿ ಹೋಗುವರು. ಅವನು ಗೋಡೆಯ ಕಡೆ ಹೊರಳಿ ಮಲಗುವನು.

ಅವನನ್ನು ಎಬ್ಬಿಸಿ ಕೂರಿಸಿದ್ದು ಫೋನಿನೊಳಗಿನ ಫ್ಯಾಂಟಸಿ ಆಟ. ದುಡ್ಡಿನ ಆಟವಲ್ಲ, ಹಳೆಯ ತಂಡದ ಹುಡುಗರು ಗುಂಪು ಕಟ್ಟಿಕೊಂಡು ಬರೀ ಹೆಸರಿಗಾಗಿ ಆಡುವ ಆಟ. ಲೀಗಿನ ಎಲ್ಲ ಕ್ಲಬ್ಬುಗಳಿಂದ ಹನ್ನೊಂದು ಮಂದಿಯನ್ನು ಆರಿಸಬೇಕು, ಒಬ್ಬನನ್ನು ಕ್ಯಾಪ್ಟನ್ ಮಾಡಬೇಕು. ಅವರು ಖರೆಯ ಮೈದಾನದಲ್ಲಿ ಆಡಿದಂತೆ ಇಲ್ಲಿ ಅಂಕ, ಕ್ಯಾಪ್ಟನ್ನಿನದು ಇಮ್ಮಡಿ. ಕ್ಯಾಪ್ಟನ್ ಆಡದೇ ಹೋದರೆ ಇಮ್ಮಡಿಯೂ ಇಲ್ಲ, ಇರುವುದೂ ಇಲ್ಲ. ಪಂದ್ಯ ಶುರುವಾಗುವ ಒಂದೂವರೆ ತಾಸು ಮೊದಲು ಆಯ್ಕೆ ಮುಗಿಯಬೇಕು. ಖರೆಯ ತಂಡದ ಪಟ್ಟಿ ಹೊರಬೀಳುವುದು ಆಮೇಲೆ.

ಜಯಶ್ರೀ ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಅವನು ಕೇಳುತ್ತಿದ್ದ.

"ಏನ ಬಂತು ಇವತ್ತ ಚೀಲದಾಗ?"

"ನಾಲ್ಕನೇದಂವ ಇಳಿದಿಲ್ಲಣ್ಣ. ಆರನೇದಂವಂದು ಹಿಂಡಿದ್ರ ಅರ್ಧ ಕೊಡ ಬೆವರು."

"ಅಂದ್ರ ನಾಲ್ಕ ತಗಿ, ಆರ ಹಾಕು." ಬೆರಳು ಫೋನಿನ ಮೇಲೆ ಓಡುತ್ತಿತ್ತು. "ಏ ಅವ್ವಾ, ನಿನ್ನ ಮಗಳು ಆ ಕ್ಲಬ್ಬಿನ ಕೋಚ್‌ಗಿಂತ ಶಾಣ್ಯಾ ಅದಾಳ."

"ಶಾಣ್ಯಾಕಿ ಆಗಿದ್ರ ಮಂದಿ ಚಡ್ಡಿ ಯಾಕ ತೊಳೀತಿದ್ಲು," ಎಂದು ಹುಲಿಗೆವ್ವ ನಕ್ಕರೆ ಮೂವರೂ ನಗುತ್ತಿದ್ದರು.

ಆ ಕ್ಲಬ್ಬಿನ ಒಂಬತ್ತನೇ ನಂಬರಿನವನಿಗೂ ಬಲ ಮೊಣಕಾಲೇ ಹರಿದಿತ್ತು, ಗುರುಲಿಂಗ ಬಿದ್ದ ತಿಂಗಳಲ್ಲೇ. ಹೆಚ್ಚುಕಡಿಮೆ ಐದು ತಿಂಗಳು ಕ್ಲಬ್ಬಿನವರು ಅವನ ಅಂಗಿಯನ್ನು ಹೊರಗೇ ತೆಗೆಯಲಿಲ್ಲ, ಚೀಲದಲ್ಲೂ ಬರಲಿಲ್ಲ. ಒಂದು ಸೋಮವಾರ ಬಂತು, ಕಂಕುಳಲ್ಲಿ ತುಸು ತೇವ. ಜಯಶ್ರೀ ಅದನ್ನು ಹೇಳಿದ ಸಂಜೆ ಗುರುಲಿಂಗ ಕಾಲು ಕೆಳಗಿಳಿಸಿ, ಹಲ್ಲು ಕಚ್ಚಿ, ಮೊದಲ ಸಲ ತಾನಾಗಿಯೇ ಮೊಣಕಾಲು ಬಗ್ಗಿಸಿದ. ಮರುವಾರ ಒಂಬತ್ತರ ಬೆನ್ನೆಲ್ಲ ಬೆವರು. ಗುರುಲಿಂಗ ಬಾಗಿಲವರೆಗೆ ಬಂದ. ಅದರ ಮರುವಾರ ಹುಲ್ಲಿನ ಕಲೆ. ಬುಧವಾರ ಇವನು ಗೋಡೆ ಹಿಡಿದು ಓಣಿಯ ನಳದವರೆಗೆ ನಡೆದ. ಅವ್ವ ಕೊಡ ಅಲ್ಲೇ ಬಿಟ್ಟು ಸೆರಗು ಬಾಯಿಗೆ ಒತ್ತಿಕೊಂಡಳು.

"ಶನಿವಾರ ಅಂವ ಆಡ್ತಾನ," ಎಂದ ಗುರುಲಿಂಗ. "ಅಂವನ್ನ ಕ್ಯಾಪ್ಟನ್ ಮಾಡಾಂವ ನಾನೊಬ್ನ. ಮಂದಿ ನಗಲಿ."

ಗುರುವಾರದ ಪ್ರಾಕ್ಟೀಸಿನ ಚೀಲ ಸುರುವಿದಾಗ ಒಂಬತ್ತನೇ ಅಂಗಿ ಅವಳೇ ಮಡಿಸಿ ಕಳಿಸಿದ್ದ ಘಡಿಯಲ್ಲೇ ಇತ್ತು. ಚಡ್ಡಿಯೂ ಹಾಗೇ. ಆ ಸಂಜೆ ಅಣ್ಣನೆದುರು ಒಂಬತ್ತರ ಮಾತು ತೇಲಿಸಿಬಿಟ್ಟಳು. ಶುಕ್ರವಾರವೂ ಅದೇ. ಅವಳು ಮೂಗಿಗೆ ಹಿಡಿದು ನೋಡಿದಳು. ಸಾಬೂನಿನ ವಾಸನೆ ಬಿಟ್ಟರೆ ಏನೂ ಇಲ್ಲ.

"ಏನ ತಂಗಿ, ಅಂಗಿ ಜೋಡಿ ಲಗ್ನ ಆಗಾಕಿ ಏನ?" ಪಕ್ಕದ ಮಷಿನ್ನಿನ ಮರಿಯಮ ಕೀಟಲೆ ಮಾಡಿದಳು.

"ಏನಿಲ್ಲಕ್ಕಾ," ಎಂದು ಅದನ್ನು ಮಿಕ್ಕ ಅಂಗಿಗಳ ಕೆಳಗೆ ಸರಿಸಿದಳು.

ಡೊಂಗರಿನ ಏರು ಹತ್ತುವಾಗ ಎರಡು ಸಲ ನಿಂತಳು. ಹೇಳಿದರೆ ಅವನು ಮತ್ತೆ ಮಲಗುತ್ತಾನೆ. ಆರು ತಿಂಗಳಿಗೆ ಉಳಿದಿರುವುದು ಮೂರೇ ವಾರ. ಒಂದು ಪಂದ್ಯಕ್ಕೆ ತಾನೆ, ಇನ್ನೆರಡು ದಿನ ನಡೆದರೆ ಕಾಲಿಗೆ ರೂಢಿಯಾದೀತು, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಮೇಲೆ ನೋಡಿದರೆ ಅವನು ಬಾಗಿಲಲ್ಲಿ ನಿಂತಿದ್ದ. ಕೋಲಿಲ್ಲದೆ ನಿಂತಿದ್ದ.

"ಒಂಬತ್ತು?"

"ಬೆವರು," ಎಂದಳು. ಅಷ್ಟಕ್ಕೇ ಬಿಡಬಹುದಿತ್ತು, ಬಾಯಿ ಮುಂದೆ ಓಡಿತು. "ಎರಡೂ ಮಗ್ಗಲಾ ಮಣ್ಣು. ಉಜ್ಜಿ ಉಜ್ಜಿ ಸಾಕಾತು."

ಅವನು ಕೂತು ಒಂಬತ್ತನ್ನು ಕ್ಯಾಪ್ಟನ್ ಮಾಡಿದ. "ಬರದಿಟ್ಕೋರಿ ಮಕ್ಕಳ್ರ್ಯಾ, ನಾಳೆ ಒಂಬತ್ತು ಎರಡು ಗೋಲು," ಎಂದು ಫೋನಿನ ಗುಂಪಿಗೆ ದನಿ ಮುದ್ರಿಸಿ ಕಳಿಸಿದ.

ಶನಿವಾರ ಸಂಜೆ, ಆಯ್ಕೆ ಮುಗಿದ ಮೇಲೆ, ಪಂದ್ಯ ನೋಡಲು ಹಳೆಯ ತಂಡದ ಚಂದಪ್ಪ ಮನೆಗೇ ಬಂದ. ಗುರುಲಿಂಗ ತಲೆ ಬಾಚಿಕೊಂಡು, ಕ್ಲಬ್ಬಿನ ಬಣ್ಣದ ಬನಿಯನ್ನು ಹಾಕಿಕೊಂಡು ಕೂತಿದ್ದ. ಪಟ್ಟಿ ಬಂತು. ಹನ್ನೊಂದರಲ್ಲಿ ಒಂಬತ್ತು ಇರಲಿಲ್ಲ. ಬೆಂಚಿನಲ್ಲೂ ಇರಲಿಲ್ಲ.

ಚಂದಪ್ಪ ತನ್ನ ಫೋನಿನಲ್ಲಿ ಸುದ್ದಿ ಹುಡುಕಿದ. "ಪ್ರಾಕ್ಟೀಸಿನಾಗ ಮತ್ತ ಅದ ಮೊಣಕಾಲು ಹರಕೊಂಡಾನಂತ. ಇನ್ನ ಅಂವ ಆಡೋದು ಕಷ್ಟ ಅಂತ ಬರದಾರ ನೋಡು." ಅಷ್ಟು ಹೊತ್ತಿಗೆ ಗುಂಪಿನ ಹುಡುಗರ ದನಿಗಳು ಒಂದರ ಮೇಲೊಂದು ಬೀಳತೊಡಗಿದವು. "ಏ ಗುರ‍್ಯಾ, ಎಲ್ಲಿ ಹೋದ್ನೋ ನಿನ್ನ ಕ್ಯಾಪ್ಟನ್ನು?" "ಕುಂಟಗ ಕುಂಟನ ಜೋಡಿ!" ಚಂದಪ್ಪ ಗಡಬಡಿಸಿ ಫೋನು ಕಸಿದು ಸದ್ದು ಅಡಗಿಸಿದ.

ಗುರುಲಿಂಗ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ತಂಗಿಯ ಮುಖ ನೋಡುತ್ತಿದ್ದ.

"ಯಾವತ್ತ ಹರಕೊಂಡಾನ?"

"ಬುಧವಾರ ಅಂತೈತಿ," ಎಂದ ಚಂದಪ್ಪ.

"ಜಯಾ. ನಿನ್ನೆ ಅಂಗಿ ಹ್ಯಾಂಗಿತ್ತು?"

ಜಯಶ್ರೀ ಒಲೆಯ ಕಡೆ ನೋಡಿದಳು, ಅವ್ವನ ಕಡೆ ನೋಡಿದಳು.

"ಘಡಿ ಒಡದಿರಲಿಲ್ಲಣ್ಣ."

ಅವನು ಬೈಯಲಿಲ್ಲ. ಬೈದಿದ್ದರೆ ಅವಳು ಅತ್ತುಬಿಡುತ್ತಿದ್ದಳು, ಅಲ್ಲಿಗೆ ಮುಗಿದೂ ಹೋಗುತ್ತಿತ್ತು.

"ಅವ್ವ ಹೇಳ್ತಾಳ ನೆಟ್ಟಗಾಗ್ತೈತಿ ಅಂತ," ಎಂದ ಮೆಲ್ಲಗೆ. "ಹುಡುಗ್ರು ಹೇಳ್ತಾರ. ಈ ಚಂದ್ಯಾ ಹೇಳ್ತಾನ. ನೀ ಒಬ್ಬಾಕಿ ಇದ್ದದ್ದು ಇದ್ದಂಗ ಹೇಳತಿದ್ದಿ. ಈಗ ನೀನೂ ನನ್ನ ಮಾರಿ ನೋಡಿ ಹೇಳಾಕತ್ತಿ."

"ನೀ ನಡ್ಯಾಕತ್ತಿದ್ದಿಯಲ್ಲಣ್ಣ, ಅದಕ್ಕ..."

"ಹೌದು," ಎಂದ. ಪಂದ್ಯ ನಡೆಯುತ್ತಿದ್ದಂತೆಯೇ ಕಾಲನ್ನು ಎರಡೂ ಕೈಯಿಂದ ಎತ್ತಿ ಮಂಚದ ಮೇಲಿಟ್ಟುಕೊಂಡ.

ಮರುದಿನದಿಂದ ಅವನು ಕೇಳದಿದ್ದರೂ ಅವಳು ಹೇಳತೊಡಗಿದಳು. ಯಾರು ಇಳಿದರು, ಯಾರು ಬಿಟ್ಟರು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಮಾಡದೆ. ಎಲ್ಲಕ್ಕೂ ಅವನದು "ಹೂಂ". ಅವ್ವ ಕಾಲಿಗೆ ಎಣ್ಣೆ ತಿಕ್ಕಲು ಹೋದರೆ "ಬ್ಯಾಡ ಬಿಡವ್ವಾ" ಎನ್ನುವನು. ಆರು ತಿಂಗಳು ತುಂಬಿದ ವಾರ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಕಾಲು ಬಗ್ಗಿಸಲು ನೋಡಿದರು. ಅದು ಬಾಗಿಲ ಅಗುಳಿಯಂತೆ ಗಟ್ಟಿಯಾಗಿತ್ತು. ಇನ್ನು ಇಷ್ಟೇ ಎಂದರು. ಗುರುಲಿಂಗ ಅವರಿಗೂ "ಹೂಂ" ಎಂದ.

ಆ ಶುಕ್ರವಾರ ಫೋನನ್ನು ಅವಳ ಕಡೆ ದೂಡಿದ. "ನೀನ ಹಾಕು. ಯಾರನ್ನರ ಹಾಕು."

ಅವಳು ತಾಸುಗಟ್ಟಲೆ ಕೂತು ಹನ್ನೊಂದು ಮಂದಿಯನ್ನು ಆರಿಸಿದಳು. ಆರನೇ ನಂಬರಿನವನನ್ನು ಕ್ಯಾಪ್ಟನ್ ಮಾಡಿದಳು. ಅವನು ಒಂದು ಗೋಲು ಹೊಡೆದ, ಎರಡು ಹೊಡೆಸಿದ. ಆ ವಾರ ಗುಂಪಿನಲ್ಲೆಲ್ಲ ಗುರುಲಿಂಗನ ತಂಡವೇ ಮೇಲೆ ಬಂತು.

"ಅಣ್ಣಾ, ಗೆದ್ದಿ ನೋಡು," ಎಂದು ಫೋನನ್ನು ಅವನ ಮುಖದ ಮುಂದೆ ಹಿಡಿದಳು. ಅವನು ನೋಡಿದ, ತಲೆದಿಂಬು ಸರಿಮಾಡಿಕೊಂಡ, ಗೋಡೆಯ ಕಡೆ ಹೊರಳಿದ.

ಫೋನು ಬಡಿದುಕೊಂಡಿತು. ಚಂದಪ್ಪ.

"ಏ ಹುಲಿ! ಏನ ಟೀಮು ಹಾಕಿಯೋ! ಮೈದಾನಕ್ಕ ಬಾ, ಹುಡುಗ್ರೆಲ್ಲಾ ಕಾಯಾಕತ್ತಾರ!"

"ನಾನ್ರೀ, ಜಯಾ."

"ಅಂವ ಎಲ್ಲಿ? ಎದ್ದಾನಿಲ್ಲ?"

ಅವಳು ಅಣ್ಣನ ಬೆನ್ನು ನೋಡಿದಳು.

"ಇಲ್ರೀ," ಎಂದಳು. "ಇನ್ನ ಏಳಾಂಗಿಲ್ರೀ."