ದಾರ ಕಟ್ಟಿದ ಮಿಡಿ

ಬಾಟನಿ ಓದುತ್ತೇನೆ ಎಂದರೆ ನಮ್ಮ ಕಡೆ ಯಾರಿಗೂ ಸಮಾಧಾನವಿಲ್ಲ. ಯಲ್ಲಾಪುರದ ಚಿಕ್ಕಪ್ಪನಿಗೆ ನಾನು ಕಾಳುಮೆಣಸಿನ ರೋಗಕ್ಕೆ ಮದ್ದು ಹೇಳಬೇಕು, ಪಕ್ಕದ ಮನೆಯವರಿಗೆ ಮಂಡಿನೋವಿಗೆ ಬೇರು ತಂದುಕೊಡಬೇಕು. ಎರಡೂ ನನ್ನಿಂದಾಗದು ಎಂದರೆ, ಹಾಗಾದರೆ ಓದಿ ಕೆಲಸ ಏನು ಸಿಗುತ್ತದೆ ಎಂದು ಕೇಳುತ್ತಾರೆ. ಕೇಳಿಸಿಕೊಂಡು ಕೇಳಿಸಿಕೊಂಡು ತಲೆ ಚಿಟ್ಟು ಹಿಡಿದಿದೆ.

ಈ ವರ್ಷ ಉತ್ತರ ಕೈಗೆ ಬಂದಿತ್ತು. ಶಿರಸಿಯ ಸಂಶೋಧನಾ ಸಂಸ್ಥೆಯೊಂದಕ್ಕೆ ಕಾಡುಹಣ್ಣುಗಳ ಸಮೀಕ್ಷೆಗೆ ಜನ ಬೇಕಾಗಿದ್ದರು. ಸಂದರ್ಶನಕ್ಕೆ ಎಂ.ಎಸ್ಸಿ. ಪ್ರಾಜೆಕ್ಟಿನ ಫಲಿತಾಂಶ ತರಬೇಕು, ಅಷ್ಟೆ. ನನ್ನ ಪ್ರಾಜೆಕ್ಟು ಮನ್ಮನೆ ಊರಿನಲ್ಲಿ ಪರಿಮಳತ್ತೆಯ ಮನೆಯ ಅಪ್ಪೆಮಿಡಿ ಮರದ, ಉಪ್ಪಿನಕಾಯಿ ಮಾವಿನ ಮರದ, ಮೇಲಿತ್ತು. ಚಳಿಯಲ್ಲಿ ಏಣಿ ಹತ್ತಿ, ಚಗಳಿ ಇರುವೆಯ ಕೈಲಿ ಕಚ್ಚಿಸಿಕೊಂಡು, ಅರ್ಧ ಹೂಗೊಂಚಲಿಗೆ ಅದೇ ಮರದ ಪರಾಗ ಹಚ್ಚಿ ನೀಲಿ ದಾರ ಕಟ್ಟಿದ್ದೆ. ಇನ್ನರ್ಧಕ್ಕೆ ಹಳ್ಳದಂಚಿನ ಮಾವಿನ ಮರದ ಪರಾಗ, ಕೆಂಪು ದಾರ. ಯಾವ ಬಣ್ಣದಲ್ಲಿ ಎಷ್ಟು ಮಿಡಿ ನಿಂತಿತು ಎಂದು ಎಣಿಸಿದರೆ ಮುಗಿಯಿತು.

ಎಣಿಸಲು ಹೋದರೆ ಮರದಲ್ಲಿ ಒಂದು ಮಿಡಿ ಇಲ್ಲ.

"ಮೊನ್ನೆನೇ ಕೊಯ್ಸಿ ಆತು," ಎಂದಳು ಅತ್ತೆ. "ನೀ ದಾರ ಕಟ್ಟಿದ್ದು ಚಲೋ ಆತು ನೋಡು. ಒಳ್ಳೆ ಮಿಡಿ ಯಾವ್ದು ಹೇಳಿ ಕೆಲಸದ ತಿಮ್ಮಂಗೆ ಹುಡುಕೂದೇ ಬೇಡಾತು. ದಾರ ಇದ್ದಿದ್ದನ್ನೇ ಮೊದ್ಲು ಕೊಯ್ದ."

ನನಗೆ ಮೈಯೆಲ್ಲ ಉರಿದುಹೋಯಿತು. "ಮರ ಮುಟ್ಟಡಿ ಹೇಳಿ ಆನು ಹೇಳಿದ್ದಿ ಅತ್ತೆ."

"ಮರ ಯಾರು ಮುಟ್ಟಿದ್ವೆ? ಮಿಡಿ ಕೊಯ್ದಿದ್ದು. ಬಿಟ್ರೆ ಗೊರಟು ಬಲಿತ್ತು."

ಇಂಥವರ ಹತ್ತಿರ ಏನೆಂದು ಜಗಳವಾಡುವುದು? ಸಂದರ್ಶನಕ್ಕೆ ಖಾಲಿ ಕೈಯಲ್ಲಿ ಹೋಗಿ ನಿಲ್ಲುವುದು ಕಣ್ಣಿಗೆ ಕಟ್ಟಿತು. ದಾರ ಎಲ್ಲಿ ಬಿಸಾಕಿದಿರಿ ಎಂದೆ, ಸುಮ್ಮನೆ ಸಿಟ್ಟಿಗೆ.

"ಮಿಡಿಯಲ್ಲೇ ಇದ್ದು. ತೊಟ್ಟು ಮುರಿದ್ರೆ ಸೊನೆ ಹೋಗಿ ಕೊಳೆತ್ತು. ದಾರದ್ದನ್ನೆಲ್ಲ ತೊಟ್ಟು ಸಮೇತ ಹಂಗೇ ಒಂದೇ ಭರಣಿಲಿ ಉಪ್ಪಿಗೆ ಹಾಕಿದ್ದಿ."

ನಾನು ಉಗ್ರಾಣಕ್ಕೆ ಓಡಿ ಭರಣಿಯ ಬಟ್ಟೆ ಬಿಚ್ಚಿದೆ.

"ಕೈ ಹಾಕಡ," ಅತ್ತೆ ಹಿಂದಿನಿಂದಲೇ ಬಂದಳು. "ಹಸಿ ಕೈ ತಾಗಿದ್ರೆ ಇಡೀ ಭರಣಿ ಹಾಳಾಗ್ತು."

ಕೊನೆಗೆ ಅವಳೇ ಕೈ ಒರೆಸಿಕೊಂಡು, ಒಂದೊಂದೇ ಮಿಡಿ ತೆಗೆದು ಒಣ ಪಂಚೆಯ ಮೇಲಿಡುತ್ತ ಬಣ್ಣ ಹೇಳಿದಳು. ನಾನು ಬರೆದುಕೊಂಡೆ. ನಡುವೆ ಅವಳ ಗೊಣಗಾಟ ಬೇರೆ: "ಮಿಡಿ ಎಣಿಸಲೆ ಧಾರವಾಡಕ್ಕೆ ಹೋಗಿ ಓದವ?" ಭರಣಿ ಖಾಲಿಯಾಗುವಾಗ ಪಂಚೆಯ ತುಂಬ ಕೆಂಪು. ನೀಲಿ ಒಂದು ಹಿಡಿಯೂ ಇರಲಿಲ್ಲ. ಫಲಿತಾಂಶ ಸಿಕ್ಕಿತು. ಹೋದ ಜೀವ ಬಂದಂತಾಯಿತು.

"ನೀಲಿ ಇಷ್ಟೇಯ?" ಅತ್ತೆ ಕೇಳಿದಳು.

"ಇಷ್ಟೇ. ಈ ಮರ ತನ್ನ ಪರಾಗಕ್ಕೆ ಸಮ ಕಾಯಿ ಕಚ್ತಿಲ್ಲೆ. ಹಳ್ಳದ ಮರದ್ದು ಬೇಕು. ಜೇನು ತಂದು ಹಾಕ್ತು."

ಅತ್ತೆಯ ಕೈ ಅಲ್ಲೇ ನಿಂತಿತು. ಹಳ್ಳದ ಮರದ ಹಣ್ಣು ಮಂಗವೂ ಮೂಸದಷ್ಟು ಹುಳಿ. ನಾಳೆ ಅದನ್ನು ಕಡಿಯಲು ಮಾವ ತಿಮ್ಮನಿಗೆ ಹೇಳಿಯಾಗಿತ್ತು. ಅದು ನನಗೆ ಗೊತ್ತಾದದ್ದೇ ಆಗ, ಅತ್ತೆ ಹೇಳಿದ ಮೇಲೆ. ಅತ್ತೆ ಎದ್ದು ಜಗಲಿಗೆ ಹೋದಳು.

"ಆ ಮರ ಕಡಿಸೂದು ಬೇಡ. ತಿಮ್ಮಂಗೆ ಫೋನ್ ಮಾಡಿ."

"ಯಾರು ಹೇಳಿದ್ದು?" ಸೀತಾರಾಮ ಮಾವ ಪೇಪರಿನಿಂದ ತಲೆ ಎತ್ತಲಿಲ್ಲ.

"ಮೇಧಾ ಹೇಳ್ತು. ಅದು ಅದನ್ನೇ ಓದಿದ್ದು."

ನಾನು ಒಳಗಿಂದಲೇ ಕೇಳಿಸಿಕೊಂಡೆ. ನನ್ನ ಓದನ್ನು ನಂಬಿ ಯಾರಾದರೂ ಒಂದು ಕೆಲಸ ನಿಲ್ಲಿಸಿದ್ದು ಅದೇ ಮೊದಲು.

ಮಾವ ಫೋನ್ ಹಿಡಿದು ಅಂಗಳವೆಲ್ಲ ಸುತ್ತಿದರು. ಎಂದಿನಂತೆ ನೆಟ್‌ವರ್ಕ್ ಇಲ್ಲ. ತಿಮ್ಮ ಬೆಳಕು ಹರಿಯುತ್ತಲೇ ಕೊಡಲಿ ಹಿಡಿದು ನೇರ ಹಳ್ಳಕ್ಕೆ ಹೋಗುವವನು.

ಅತ್ತೆ ಬಾಗಿಲಲ್ಲಿ ನಿಂತು ಕೇಳಿದಳು: "ತಂಗೀ, ಕೆಂಪು ದಾರ ಉಳಿದಿದ್ದ?"

"ಎಂತಕ್ಕೆ?"

"ಹಳ್ಳದ ಮರಕ್ಕೆ ಕಟ್ಟವು. ಒಳ್ಳೇದು ಹೇಳಿ ತಿಮ್ಮಂಗೆ ತಿಳಿತು."

ನಾನು ಇಡೀ ಉಂಡೆಯನ್ನೇ ಕೊಟ್ಟೆ.